ಕಲೆ ನಿಲ್ಲದ ಮೈ

ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆಯ ಭರಮಣ್ಣ ಹೊಳೆಯಾಚೆಯಿಂದ ಹೆಂಡತಿಯನ್ನು ಕರೆದುಕೊಂಡು ಬಂದ ದಿನ ಓಣಿಯ ಹೆಂಗಸರೆಲ್ಲ ಅವಳ ಮೊಣಕಾಲು ನೋಡಲು ಹೋಗಿದ್ದೆವು. ನಮ್ಮೂರಿನಲ್ಲಿ ಹೊಸ ಸೊಸೆಯ ಮುಖ ನೋಡುವುದು ಆಮೇಲೆ. ಮೊದಲು ಮೊಣಕಾಲು, ಮೊಣಕೈ, ತೋಳು. ಇಲ್ಲಿ ಒಮ್ಮೆ ಪೆಟ್ಟು ಬಿದ್ದು ಕಂದಿದ ಮೈ ಮತ್ತೆ ತಿಳಿಯಾಗುವುದಿಲ್ಲ. ಅಂಬೆಗಾಲಿಡುವಾಗ ಹೊಸ್ತಿಲಿಗೆ ಬಡಿದದ್ದು, ಶಾಲೆಯ ಅಂಗಳದಲ್ಲಿ ಬಿದ್ದದ್ದು, ಬಾವಿಯ ರಾಟೆ ಜಾರಿ ಭುಜಕ್ಕೆ ತಾಗಿದ್ದು, ಎಲ್ಲವೂ ನೀಲಿಯಾಗಿ ಕಪ್ಪಾಗಿ ಮೈಮೇಲೆಯೇ ಉಳಿಯುತ್ತದೆ. ಹೊಸ ಸೊಸೆ ಚಂಪವ್ವನ ಸೀರೆಯ ಅಂಚನ್ನು ಮೆಲ್ಲಗೆ ಸರಿಸಿ ನೋಡಿದ ಓಣಿಯ ಹಿರಿಯಳು ಗುರುಸಿದ್ದಮ್ಮ ದಂಗಾದಳು. "ಏನವ್ವ, ನಿಮ್ಮವ್ವ ನಿನ್ನ ಅರಳ್ಯಾಗ ಇಟ್ಟು ಬೆಳಿಸ್ಯಾಳೇನು? ಒಂದ ಕಲಿ ಇಲ್ಲಲ್ಲ!" ಚಂಪವ್ವ ನಾಚಿಕೊಂಡು ನಕ್ಕಳು. "ದಿನಾ ಬೀಳ್ತಿದ್ದೆರಿ. ಎಂಟ ಹತ್ತ ದಿನಕ್ಕ ಹೋಗಿಬಿಡ್ತಾವು." ಅವಳು ಚೇಷ್ಟೆ ಮಾಡುತ್ತಿದ್ದಾಳೆಂದು ನಾವೂ ನಕ್ಕೆವು.

ನಮ್ಮೂರಿನ ಬಾಗಿಲ ಚೌಕಟ್ಟುಗಳಿಗೆ ಹಳೆಯ ಕೌದಿ ಸುತ್ತಿರುತ್ತದೆ. ಮಂಚದ ಕಾಲು, ಒರಳಿನ ಅಂಚು, ಬಾವಿಯ ಕಟ್ಟೆ, ಶಾಲೆಯ ಹಲಗೆ, ಎಲ್ಲಕ್ಕೂ ಅರಳೆ ತುಂಬಿದ ಮೆತ್ತೆ. ಯಾರೂ ಒಂದೇ ಕಡೆ ಬಹಳ ಹೊತ್ತು ಇರುವುದಿಲ್ಲ. ಹಾಗೆ ಇದ್ದರೆ ಕಾಲಿನ ನರದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಹೆಪ್ಪುಗಟ್ಟಿದ್ದು ಕರಗುವುದಿಲ್ಲ, ಯಾವಾಗಲೋ ಒಂದು ದಿನ ಎದೆಗೇರಿ ಉಸಿರು ಕಟ್ಟಿಸುತ್ತದೆ. ಅದಕ್ಕೇ ಮದುವೆಯಲ್ಲಿ ಅಡ್ಡಾಡುತ್ತ ಉಣ್ಣುತ್ತೇವೆ, ಭಜನೆಯನ್ನು ನಡೆಯುತ್ತ ಹಾಡುತ್ತೇವೆ. ಬಾಣಂತಿ ಇರುವ ಮನೆಗೆ ಓಣಿಯವರು ಪಾಳಿ ಹಚ್ಚಿ ಹೋಗಿ ಕಾಲು ತಿಕ್ಕುತ್ತೇವೆ. ಹಾಸಿಗೆ ಹಿಡಿದವರು ಬಹಳ ದಿನ ಬದುಕುವುದಿಲ್ಲ. ಇದು ನಮಗೆ ವಿಚಿತ್ರವೆನಿಸಿದ್ದೇ ಇಲ್ಲ. ನಾನಂತೂ ಈ ಊರಿನಲ್ಲಿ ಹುಟ್ಟಿದ್ದಕ್ಕೆ ದೇವರಿಗೆ ಕೈಮುಗಿದವಳು. ನನ್ನ ಗಂಡ ನನ್ನನ್ನು ಹೊಡೆದದ್ದು ಒಂದೇ ವರ್ಷ. ಎಡದೋಳಿನ ಮೇಲೆ ಅವನ ಐದು ಬೆರಳು ಇವತ್ತಿಗೂ ಇವೆ. ಅವನ್ನು ಊರ ನ್ಯಾಯ ಮಾಡುವ ಕಟ್ಟೆಯ ಹಿರಿಯರಿಗೆ ತೋರಿಸಿದೆ. ಅವರು ನೋಡಿದರು, ಮುಂದಿನ ಅಮಾವಾಸ್ಯೆಗೆ ಮತ್ತೊಮ್ಮೆ ನೋಡಿದರು, ಅವನನ್ನು ದೋಣಿ ಹತ್ತಿಸಿ ಹೊಳೆಯಾಚೆ ಕಳಿಸಿದರು. ಹಾಗೆ ಹೋದವರು ತಿರುಗಿ ಬರುವ ಹಾಗಿಲ್ಲ. ನಮ್ಮೂರಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಗೊತ್ತಿಲ್ಲ. ಆಮೇಲೆ ಖಡಕ್ ರೊಟ್ಟಿ ಬಡಿದು ಮಾರಿ ನನ್ನ ಪಾಡಿಗೆ ನಾನು ನೆಮ್ಮದಿಯಾಗಿದ್ದೆ.

ಎರಡು ಅಮಾವಾಸ್ಯೆ ನೋಡುವುದಕ್ಕೆ ಕಾರಣವಿತ್ತು. ಯಾವ ಕಾಲದಲ್ಲೋ ಒಬ್ಬ ನೇರಳೆ ಹಣ್ಣಿನ ರಸ ಬಳಿದುಕೊಂಡು ಬಂದು, ಅಣ್ಣ ಹೊಡೆದನೆಂದು ಸುಳ್ಳು ದೂರು ಕೊಟ್ಟು ಅಣ್ಣನ ಪಾಲಿನ ಮನೆಯನ್ನೂ ಹೊಡೆದುಕೊಂಡನಂತೆ. ಅಂದಿನಿಂದ ಮೊದಲ ನೋಟದಲ್ಲಿ ಕಂಡ ಕಲೆ ಎರಡನೆಯ ನೋಟದಲ್ಲೂ ಅಲ್ಲೇ ಇರಬೇಕು. ಇದ್ದರೆ ನಿಜ. ಹೋಗಿದ್ದರೆ ಬಣ್ಣ.

ಭರಮಣ್ಣ ಗಾದಿ ಹೊಲಿಯುವವನು. ಊರಿನ ಅರ್ಧ ಚೌಕಟ್ಟುಗಳಿಗೆ ಮೆತ್ತೆ ಕಟ್ಟಿದವನೇ ಅವನು. ಮಗು ನಡೆಯಲು ಕಲಿಯುತ್ತಿದೆ ಎಂದು ಗೊತ್ತಾದರೆ ಕರೆಯದೆಯೇ ಆ ಮನೆಗೆ ಹೋಗಿ, ನೆಲಕ್ಕೆ ಕೂತು, ಮಗುವಿನ ಹಣೆಯ ಎತ್ತರಕ್ಕೆ ಏನೇನು ತಾಗೀತು ಎಂದು ನೋಡಿ ಅರಳೆ ಸುತ್ತಿ ಬರುತ್ತಿದ್ದ. ದನಿ ಏರಿಸಿ ಮಾತಾಡಿದ್ದನ್ನು ಕೇಳಿದವರಿಲ್ಲ. ಗಾದಿ ಮಾರಲು ಹೊಳೆ ದಾಟಿ ಹೋದಾಗ ಚಂಪವ್ವನನ್ನು ನೋಡಿ ಮೆಚ್ಚಿ ಮದುವೆಯಾಗಿ ತಂದಿದ್ದ. ಅವಳಿಗೂ ಅವನ ಮೇಲೆ ಜೀವ. ಬೆಳಗಿನಿಂದ ಸಂಜೆಯವರೆಗೆ ಒಂದೇ ಕಡೆ ಕೂತು ಗಾದಿಗೆ ಹೊಲಿಗೆ ಹಾಕುತ್ತಿದ್ದಳು. ಅಷ್ಟು ಹೊತ್ತು ಕೂತರೂ ಅವಳಿಗೆ ಏನೂ ಆಗದಿದ್ದದ್ದನ್ನು ನೋಡಲೆಂದೇ ಹುಡುಗಿಯರು ಬರುತ್ತಿದ್ದರು.

ಮದುವೆಯಾಗಿ ವರ್ಷದೊಳಗೆ ಕಸ್ತೂರಿ ಹುಟ್ಟಿದಳು. ತೊಟ್ಟಿಲಿನ ಕಡ್ಡಿ ತಾಗಿ ಕೂಸಿನ ತೊಡೆ ಕಂದಿತು. ವಾರ ಕಳೆಯಿತು, ತಿಂಗಳು ಕಳೆಯಿತು, ಕಲೆ ಹೋಗಲಿಲ್ಲ. ನಮ್ಮದೇ ರಕ್ತ ಎಂದು ಭರಮಣ್ಣ ಓಣಿಗೆಲ್ಲ ಸಕ್ಕರೆ ಹಂಚಿದ. ಚಂಪವ್ವ ಮಾತ್ರ ಕೂಸಿನ ತೊಡೆಯನ್ನು ಬೆರಳಿನಿಂದ ಸವರುತ್ತ ಅಳುತ್ತಿದ್ದಳು. "ಇದಕ್ಕೇನಾರ ಕಾಲಾಗ ಹೆಪ್ಪ ಗಟ್ಟಿದ್ರ ಹೆಂಗಕ್ಕಾ?" ಎಂದು ಕೇಳಿದಳು. ನಮ್ಮೆಲ್ಲರಿಗೂ ಹೇಗೋ ಹಾಗೇ ಎಂದೆ. ಅದರಿಂದ ಅವಳಿಗೇನೂ ಸಮಾಧಾನವಾಗಲಿಲ್ಲ.

ಕಸ್ತೂರಿ ಮಾತು ಕಲಿಯುವ ಹೊತ್ತಿಗೆ ಗೋಡೆಯಾಚೆ ಸಪ್ಪಳ ಕೇಳತೊಡಗಿದಾಗ ಚಂಪವ್ವನೂ ರೊಟ್ಟಿ ಬಡಿಯುತ್ತಿದ್ದಾಳೆ ಎಂದುಕೊಂಡೆ. ಬಡಿಯುವವಳ ಕಿವಿಗೆ ಎಲ್ಲ ಸಪ್ಪಳವೂ ರೊಟ್ಟಿಯದೇ. ಆದರೆ ರೊಟ್ಟಿ ಬಡಿಯುವ ಕೈಗೆ ಒಂದು ಲಯವಿರುತ್ತದೆ. ಇದಕ್ಕೆ ಇರಲಿಲ್ಲ. ಒಂದು ಮಧ್ಯಾಹ್ನ ಅವಳು ನೀರು ಸೇದಲು ಕೈಯೆತ್ತಿದಾಗ ಕುಪ್ಪಸದ ತೋಳು ಮೇಲೆ ಸರಿಯಿತು. ಕಡುನೀಲಿ ಬಾಸುಂಡೆ. ನಾನು ಕೊಡ ಕೆಳಗಿಟ್ಟೆ. "ಏನಿದು?" ಎಂದೆ. ಅವಳು ತೋಳು ಎಳೆದುಕೊಂಡಳು. "ಬಿಡಕ್ಕಾ, ನಾಕ ದಿನಕ್ಕ ಹಸರಾಗತೈತಿ, ಆಮ್ಯಾಲ ಹಳದಿ, ಆಮ್ಯಾಲ ಇರಂಗಿಲ್ಲ."

ಹಿಡಿದು ಕೂರಿಸಿ ಕೇಳಿದೆ. ತಡೆದು ತಡೆದು ಹೇಳಿದಳು. "ಮದ್ಲ ಸಲ ಹೊಡದಾಗ ಅವರಾ ಅತ್ರು. ತಮ್ಮ ಕೈ ನೋಡಿಕೋತ ಕುಂತರು. ದಿನಾ ಮುಂಜಾನೆ ನನ್ನ ತೋಳ ಬೆಳಕಿಗೆ ಹಿಡಿದು ನೋಡಾವ್ರು, ಅನ್ನ ಸೈತ ಉಣ್ಣಲಿಲ್ಲ. ಹೊಳಿ ದಾಟಸ್ತಾರ ಅಂತ ಅಂಜಿದ್ರು. ಕಲಿ ಪೂರಾ ಹೋದ ದಿನ..." "ಹೋದ ದಿನ ಏನು?" ಎಂದೆ. "ನಕ್ರಕ್ಕಾ. ಸಣ್ಣ ಹುಡುಗರು ನಗ್ತಾರಲ್ಲ, ಹಂಗ."

ಸಾರಿನಲ್ಲಿ ಉಪ್ಪು ಹೆಚ್ಚಾಯಿತೆಂದು, ಹೊಲಿಗೆ ಸೊಟ್ಟಾಯಿತೆಂದು, ಏನೂ ಆಗದಿದ್ದರೆ ಏನೂ ಆಗಲಿಲ್ಲವೆಂದು ಹೊಡೆಯುತ್ತಿದ್ದ. ಕಸ್ತೂರಿಯ ಮೇಲೆ ಒಂದು ದಿನವೂ ಬೆರಳು ಎತ್ತಿದವನಲ್ಲ. ಎತ್ತಿದ್ದರೆ ಉಳಿಯುತ್ತಿತ್ತು.

ನನಗೆ ಅನುಮಾನವೇ ಇರಲಿಲ್ಲ. ನನಗೆ ಸಿಕ್ಕ ನ್ಯಾಯ ಇವಳಿಗೂ ಸಿಗುತ್ತದೆ ಎಂದು ಅಮಾವಾಸ್ಯೆಯ ದಿನ ಅವಳ ಕೈಹಿಡಿದು ಕಟ್ಟೆಗೆ ಕರೆದೊಯ್ದೆ. ಹಿರಿಯ ಬಸಲಿಂಗಜ್ಜ, ಗುರುಸಿದ್ದಮ್ಮ ಮತ್ತು ಉಳಿದವರು ಅವಳ ಬೆನ್ನು ನೋಡಿದರು. ಬೆನ್ನಿನ ತುಂಬ ಇತ್ತು. ಗುರುಸಿದ್ದಮ್ಮ ಬಾಯಿಗೆ ಸೆರಗು ಹಚ್ಚಿಕೊಂಡಳು. ಬಸಲಿಂಗಜ್ಜ ಭರಮಣ್ಣನನ್ನು ಕರೆಸಿ ಕೇಳಿದರೆ ಅವನು ತಲೆ ಕೆಳಗೆ ಹಾಕಿ, "ಹಿರೇರು ನೋಡಿದ್ದ ಖರೆ. ಮುಂದಿನ ಅಮಾಸಿಗೂ ನೋಡ್ರಿ," ಎಂದ. ಅಷ್ಟೇ.

ಮುಂದಿನ ಅಮಾವಾಸ್ಯೆಗೆ ಅವಳ ಬೆನ್ನು ಹಾಲಿನ ಕೆನೆಯ ಹಾಗೆ ತಿಳಿಯಾಗಿತ್ತು. ಆ ತಿಂಗಳಿಡೀ ಅವನು ಅವಳನ್ನು ಮುಟ್ಟಿರಲಿಲ್ಲ.

ಅಂದು ನಾನು ದವಾಖಾನೆಯ ಡಾಕ್ಟರ್ ವಿಮಲಾಬಾಯಿಯವರನ್ನೂ ಕಟ್ಟೆಗೆ ಕರೆದುಕೊಂಡು ಹೋಗಿದ್ದೆ. ಅವರೂ ಹೊಳೆಯಾಚೆಯವರು. ಎಷ್ಟೋ ವರ್ಷಗಳಿಂದ ನಮ್ಮ ಕಾಲುಗಳ ಹೆಪ್ಪಿಗೆ ಗುಳಿಗೆ ಕೊಡುತ್ತ, ಕೆಲವರನ್ನು ಉಳಿಸಿಕೊಳ್ಳುತ್ತ, ಬಹಳ ಜನರನ್ನು ಕಳೆದುಕೊಳ್ಳುತ್ತ ಇಲ್ಲೇ ಇದ್ದವರು. ಅವರು ಎದ್ದು ನಿಂತು ಎಲ್ಲರಿಗೂ ತಿಳಿಯುವ ಹಾಗೆ ಹೇಳಿದರು. "ನೋಡ್ರಿ, ಹೆಪ್ಪು ಕರಗಿಸೋ ರಸ ಚಂಪವ್ವನ ರಕ್ತದಾಗ ಎಷ್ಟು ಐತೋ ನಿಮ್ಮ ರಕ್ತದಾಗೂ ಅಷ್ಟೇ ಐತಿ. ಆದ್ರ ಅದು ನಿದ್ದಿ ಮಾಡಿಕೋತ ಹರಿದು ಹೋಗೋ ರಸ. ತಾನಾಗೇ ಏನೂ ಮಾಡಂಗಿಲ್ಲ. ಮೈಯಾಗಿನ ಜೀವಕೋಶದ ಹೊರಮೈ ಮ್ಯಾಲೆ ಸಣ್ಣ ಸಣ್ಣ ಕೊಂಡಿ ಇರತಾವ. ಆ ಕೊಂಡಿ, ಹರಿದು ಹೋಗೋ ರಸನ ಹಿಡಿದು ನಿಲ್ಲಿಸಿ, ಹೆಪ್ಪಿನ ಬಾಜೂಕ ಅದನ್ನ ಎಚ್ಚರ ಮಾಡತಾವ. ಎಚ್ಚರಾದ ರಸ ಹೆಪ್ಪಿನ ಎಳಿ ಒಂದೊಂದ ಕತ್ತರಿಸಿ ಹಾಕತೈತಿ. ಕಲಿ ಹೋಗೋದು ಹಂಗ. ನಿಮ್ಮ ಜೀವಕೋಶದ ಮ್ಯಾಲೆ ಆ ಕೊಂಡಿ ಇಲ್ಲ. ಈಕಿಗೆ ಅವ. ಹೊಳಿ ಆಚೆ ಎಲ್ಲಾರಿಗೂ ಅವ. ಹೋದ ಅಮಾಸಿ ದಿನ ಈಕಿ ಬೆನ್ನ ದವಾಖಾನ್ಯಾಗ ನಾನೂ ನೋಡೇನಿ. ಅದು ಬಣ್ಣ ಅಲ್ಲ, ಪೆಟ್ಟು."

ಕಟ್ಟೆಯ ಸುತ್ತ ಗುಜುಗುಜು ಎದ್ದಿತು. ಬಸಲಿಂಗಜ್ಜ ಕೆಟ್ಟವರಲ್ಲ. ನನ್ನ ತೋಳು ನೋಡಿದ ದಿನ ಕಣ್ಣಲ್ಲಿ ನೀರು ತಂದುಕೊಂಡಿದ್ದವರು. ಡಾಕ್ಟರ್ ಕಡೆ ತಿರುಗಿ ಹೇಳಿದರು: "ಡಾಕ್ಟರಬಾಯಾರ, ನೀವು ನಮ್ಮ ಜೀವಾ ಉಳಿಸೀರಿ, ನಿಮ್ಮ ಮಾತು ತಗದ ಹಾಕೋದಿಲ್ಲ. ಆದ್ರ ಕಣ್ಣಿಗೆ ಕಾಣದ ಕೊಂಡಿ ನಂಬ್ರಿ, ಕಣ್ಣಿಗೆ ಕಾಣದ ಕಲಿ ನಂಬ್ರಿ ಅಂದ್ರ, ಇಲ್ಲಿ ನಾವು ಕಣ್ಣ ಬಿಟ್ಟುಕೊಂಡು ಯಾಕ ಕುಂದ್ರಬೇಕು? ನಾಳೆ ಯಾರ ಬೇಕಾದ್ರೂ ಬಂದು ನನಗೂ ಕೊಂಡಿ ಅವ ಅಂತಾರ. ಯಾರ ಮ್ಯಾಲೆ ಬೇಕಾದ್ರೂ ಹೇಳ್ತಾರ."

"ನಾ ಗೋಡಿ ಆಚೆ ಇರಾಕಿ, ದಿನಾ ಕೇಳಾಕಿ," ಎಂದೆ.

"ಕೇಳಿದ್ದು ಉಳಿಯಂಗಿಲ್ಲವ್ವ ದ್ಯಾಮವ್ವ. ಕಂಡಿದ್ದು ಉಳಿಯಬೇಕು. ನಿನ್ನ ತೋಳ ಮ್ಯಾಲೆ ಉಳೀತು, ನಿನಗ ನ್ಯಾಯ ಆತು."

ಅಂದಿನಿಂದ ಚಂಪವ್ವನಿಗೆ ಊರಿನಲ್ಲಿ ಬಣ್ಣದ ಚಂಪವ್ವ ಎಂದು ಹೆಸರು ಬಿತ್ತು. ನೀರಿಗೆ ಹೋದರೆ ಹುಡುಗಿಯರು ನೇರಳೆ ಹಣ್ಣು ಬೇಕೇ ಎಂದು ಕೇಳುತ್ತಿದ್ದರು. ಭರಮಣ್ಣ ಮಾತ್ರ ಯಾರ ಎದುರೂ ಅವಳನ್ನು ಆಡಿಕೊಳ್ಳಲಿಲ್ಲ. ಹೊರಗಿನವಳು, ತಿಳಿಯಲಿಲ್ಲ, ಬಿಡ್ರಿ ಎಂದು ಅವನೇ ಎಲ್ಲರಿಗೂ ಸಮಾಧಾನ ಹೇಳಿದ. ಅವನ ಒಳ್ಳೆಯತನಕ್ಕೆ ಊರು ತಲೆದೂಗಿತು. ಗೋಡೆಯಾಚೆಯ ಸಪ್ಪಳ ಮತ್ತೆ ಶುರುವಾಯಿತು.

ಒಂದು ದಿನ ತಡೆಯಲಾಗದೆ ಹಿಟ್ಟಿನ ಕೈಯಲ್ಲೇ ಓಡಿದೆ. ಅವಳು ಅರಳೆಯ ಮೂಟೆಗೆ ಒರಗಿ ಕೂತಿದ್ದಳು, ಅವನ ಕೈ ಮೇಲಿತ್ತು. ನಡುವೆ ಹೋಗಿ ನಿಂತು ಮುಖ ಮುಂದೆ ಮಾಡಿದೆ. ನನ್ನ ಕೆನ್ನೆಯ ಮೇಲೆ ಒಂದೇ ಒಂದು ಬೀಳಲಿ, ಸಾಯುವವರೆಗೆ ಹೊತ್ತುಕೊಂಡು ತಿರುಗುತ್ತೇನೆ, ಎರಡಲ್ಲ ಹತ್ತು ಅಮಾವಾಸ್ಯೆ ತೋರಿಸುತ್ತೇನೆ ಎಂಬುದು ನನ್ನ ಲೆಕ್ಕ. "ಹೊಡಿ," ಎಂದೆ. "ಗಂಡಸಾಗಿದ್ರ ನನಗ ಹೊಡಿ. ನನ್ನ ಮೈ ಮರಿಯಂಗಿಲ್ಲ." ಬಾಯಿಗೆ ಬಂದದ್ದೆಲ್ಲ ಬೈದೆ, ಅವನ ತಾಯಿಯನ್ನೂ ಎಳೆದೆ. ಅವನು ಕೈಯನ್ನು ನಿಧಾನ ಇಳಿಸಿದ, ಹೆಗಲ ಮೇಲಿನ ಟವೆಲಿನಿಂದ ಬೆವರು ಒರೆಸಿಕೊಂಡ. "ಅಕ್ಕಾ, ದಣದ ಬಂದಿ. ಚಾ ಕುಡಿತೀಯೇನು?" ಎಂದ. ಅವನ ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ.

ಆಮೇಲೆ ಕೆಲಸವನ್ನೆಲ್ಲ ಅವರ ಮನೆಗೇ ಒಯ್ದೆ. ಅವರ ಒಲೆಯ ಮುಂದೆಯೇ ರೊಟ್ಟಿ ಬಡಿದೆ. ನಾನಿದ್ದಷ್ಟು ಹೊತ್ತು ಅವನು ಹಾಡು ಗುನುಗುತ್ತ ಅರಳೆ ಹಿಂಜುತ್ತಿದ್ದ. ಚಂಪವ್ವ ಒಮ್ಮೆ ನನ್ನ ಕಿವಿಯಲ್ಲಿ ಹೇಳಿದಳು, "ಎಷ್ಟಂತ ಕಾಯ್ತಿ ಅಕ್ಕಾ? ನೀ ಇದ್ದಷ್ಟ ಹೊತ್ತಿನ ಪೆಟ್ಟೂ ಕೂಡಿಸಿ ಇಡತಾರು."

"ನಿಮ್ಮೂರಿಗೆ ಹೋಗಿಬಿಡು," ಎಂದೆ.

"ಕಸ್ತೂರಿ?"

ಕಲೆ ಉಳಿಯುವ ಮಕ್ಕಳು ಊರಿನವು. ಅಪ್ಪನ ಮಾತಿಲ್ಲದೆ ಅವನ್ನು ಅಂಬಿಗ ದೋಣಿಗೆ ಹತ್ತಿಸುವುದಿಲ್ಲ. ನಾನು ಅಂಬಿಗನ ಕಾಲು ಹಿಡಿದೆ. ಅವನು ಕಣ್ಣು ತಪ್ಪಿಸಿ, ಕಟ್ಟೆಯವರನ್ನು ಕೇಳು ಎಂದ. ಕಟ್ಟೆಯವರು ಭರಮಣ್ಣನನ್ನು ಕೇಳು ಎಂದರು. ಚಂಪವ್ವ ಮಗಳನ್ನು ಬಿಟ್ಟು ಹೋಗಲು ಒಪ್ಪಲಿಲ್ಲ. "ನಾ ಇಲ್ಲಿದ್ರ ಆಕಿ ಕಾಲು ತಿಕ್ಕಾಕ ಯಾರಾರ ಇರತಾರ," ಎಂದಳು.

ಓಣಿಯ ಕೊನೆಯ ಮನೆಯಲ್ಲಿ ಹೆರಿಗೆಯಾಗಿತ್ತು. ಅಂದು ಕಾಲು ತಿಕ್ಕುವ ಪಾಳಿ ನನ್ನದು. ಬೆಳಿಗ್ಗೆ ಹೋದವಳು ಮಧ್ಯಾಹ್ನದ ಊಟದ ಹೊತ್ತಿಗೆ ತಿರುಗಿ ಬಂದಾಗ ಭರಮಣ್ಣನ ಅಂಗಳದಲ್ಲಿ ಜನ ನಿಂತಿದ್ದರು. ಅಟ್ಟದ ಮೇಲಿಂದ ಅರಳೆಯ ಮೂಟೆ ಇಳಿಸುವಾಗ ಚಂಪವ್ವ ಕಾಲು ಜಾರಿ ಬಿದ್ದು ಸತ್ತಳಂತೆ ಎಂದು ಯಾರೋ ಹೇಳಿದರು. ಭರಮಣ್ಣ ಕಂಬಕ್ಕೆ ಒರಗಿ ಗಳಗಳನೆ ಅಳುತ್ತಿದ್ದ. ಆ ಕಂಬಕ್ಕೂ ಅವನೇ ಮೆತ್ತೆ ಸುತ್ತಿದ್ದ. ಕಸ್ತೂರಿ ಒಲೆಯ ಹತ್ತಿರ ಹಿಟ್ಟಿನ ಡಬ್ಬಿಯ ಹಿಂದೆ ಕೂತಿದ್ದಳು. ಎಷ್ಟು ಕರೆದರೂ ಹೊರಗೆ ಬರಲಿಲ್ಲ. ಒಳಗೆ ಕೈಹಾಕಿ ಎತ್ತಿಕೊಂಡೆ.

ಮೈ ತೊಳೆದವರು ನಾನು, ಗುರುಸಿದ್ದಮ್ಮ, ಇನ್ನಿಬ್ಬರು ಹೆಂಗಸರು. ಸೀರೆ ಬಿಚ್ಚಿದೆವು. ಕುತ್ತಿಗೆ, ಪಕ್ಕೆ, ತೊಡೆ. ಹೊಸದು ನೀಲಿ, ಅದರ ಕೆಳಗೆ ಹಳೆಯದರ ಹಸಿರು, ಅದರ ಅಂಚಿಗೆ ಇನ್ನೂ ಹಳೆಯದರ ಹಳದಿ. ತೊಳೆದ ನೀರು ತಿಳಿಯಾಗಿಯೇ ಹರಿಯಿತು, ಬಣ್ಣ ಬಿಡಲಿಲ್ಲ. ಗುರುಸಿದ್ದಮ್ಮ ಒದ್ದೆ ಬಟ್ಟೆಯಿಂದ ಒಂದು ಕಲೆಯನ್ನು ಮತ್ತೆ ಮತ್ತೆ ಒರೆಸಿದಳು. ನಾನು ಅವಳ ಕೈ ಹಿಡಿದು ನಿಲ್ಲಿಸಬೇಕಾಯಿತು.

ಹೊಳೆಯಾಚೆಯಿಂದ ಚಂಪವ್ವನ ತಾಯಿ ಬರಲೆಂದು ಹೆಣವನ್ನು ಮರುದಿನದವರೆಗೆ ಇಟ್ಟಿದ್ದೆವು. ಬೆಳಿಗ್ಗೆ ಕಟ್ಟೆಯ ಹಿರಿಯರೆಲ್ಲ ಬಂದರು, ಡಾಕ್ಟರೂ ಬಂದರು. ಗುರುಸಿದ್ದಮ್ಮ ಬಟ್ಟೆ ಸರಿಸಿ ತೋರಿಸಿದಳು. ಒಂದೂ ಮಾಸಿರಲಿಲ್ಲ, ಇನ್ನಷ್ಟು ಕಪ್ಪಾಗಿದ್ದವು. "ಉಳಿದಾವ ನೋಡ್ರಿ," ಎಂದಳು ಅವಳು, ಅಳುತ್ತ. "ಉಳಿದಾವ. ಈಗ ನಮ್ಮಾಕಿ ಆದ್ಲು."

ನಾನು ಡಾಕ್ಟರ್ ಕಡೆ ನೋಡಿದೆ. ಅವರು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು. ಹತ್ತಿರ ಹೋದಾಗ ನನಗಷ್ಟೇ ಕೇಳುವ ಹಾಗೆ, "ಜೀವ ಇದ್ರ ತಾನೇ ದ್ಯಾಮವ್ವ, ಕೊಂಡಿ ಕೆಲಸ ಮಾಡೋದು?" ಎಂದರು. "ಜೀವಕೋಶ ಸತ್ತ ಮ್ಯಾಲೆ ಹಿಡಿಯಾವ್ರು ಯಾರು, ಎಬ್ಬಸಾವ್ರು ಯಾರು?"

ಕಸ್ತೂರಿ ಯಾವಾಗ ನನ್ನ ಸೊಂಟದಿಂದ ಇಳಿದಳೋ ಗೊತ್ತಾಗಲಿಲ್ಲ. ತಾಯಿಯ ಪಕ್ಕಕ್ಕೆ ಹೋಗಿ ಕೂತಿದ್ದಳು. ಬಸಲಿಂಗಜ್ಜ ಬಗ್ಗಿ ನೋಡುತ್ತಿದ್ದ ತೋಳನ್ನು ತನ್ನ ಕಡೆ ಎಳೆದುಕೊಂಡು, ಮುಚ್ಚಿ, ಅವರಿಗೆ ಸಮಾಧಾನ ಹೇಳಿದಳು: "ಅಂಜಬ್ಯಾಡ ಮುತ್ಯಾ. ನಾಳೆ ಹಸರಾಗತೈತಿ." ಬಸಲಿಂಗಜ್ಜ ಅಲ್ಲಿಯೇ ಕುಸಿದು ಕೂತರು. ಎಬ್ಬಿಸಲು ಇಬ್ಬರು ಬೇಕಾದರು.

ಎರಡನೆಯ ಅಮಾವಾಸ್ಯೆಗೆ ಯಾರೂ ಕಾಯಲಿಲ್ಲ. ನಮ್ಮೂರಿನಲ್ಲಿ ಅಷ್ಟು ಬೇಗ ತೀರ್ಪಾದದ್ದು ಅದೇ ಮೊದಲು. ಭರಮಣ್ಣ ಇಲ್ಲವೆನ್ನಲಿಲ್ಲ. ಮಣ್ಣು ಕೊಟ್ಟು ಬಂದ ಸಂಜೆಯೇ ಅವನನ್ನು ಹೊಳೆಗೆ ಕರೆದುಕೊಂಡು ಹೋದರು. ಚಂಪವ್ವನ ತಾಯಿ ಅವನ ಜೊತೆ ಅದೇ ದೋಣಿ ಹತ್ತಲು ಒಪ್ಪದೆ ನಮ್ಮ ಮನೆಯಲ್ಲಿ ಮೊಮ್ಮಗಳನ್ನು ಅಪ್ಪಿಕೊಂಡು ಕೂತಿದ್ದಳು. ನಾನು ದಡಕ್ಕೆ ಹೋದೆ. ಅವನು ಹೋಗುವುದನ್ನು ಕಣ್ಣಾರೆ ನೋಡದಿದ್ದರೆ ನನಗೆ ಜೀವನವಿಡೀ ನಿದ್ದೆ ಬರಲಾರದೆಂದು ಅನಿಸಿತ್ತು.

ಅರ್ಧ ಊರು ಅಲ್ಲಿತ್ತು. ಅವನು ಒಗೆದ ಅಂಗಿ ಹಾಕಿಕೊಂಡು, ಹತ್ತಿ ಹಿಂಜುವ ಬಿಲ್ಲನ್ನು ಹೆಗಲಿಗೇರಿಸಿಕೊಂಡು ನಿಂತಿದ್ದ. ದುಡಿದು ತಿನ್ನಬೇಕಲ್ಲ ಎಂದು ಹೊರಹಾಕಿದವರಿಗೂ ಕಸುಬಿನ ಸಾಮಾನು ಒಯ್ಯಲು ಬಿಡುತ್ತಾರೆ. ಎಲ್ಲರಿಗೂ ಕೈಮುಗಿದ. ನನ್ನ ಮುಂದೆ ನಿಂತು, "ಅಕ್ಕಾ, ಕಸ್ತೂರಿಗೆ ಹಾಲ ಬಿಸಿ ಮಾಡಿ ಕೊಡು. ತಣ್ಣಂದು ಕುಡಿಯಂಗಿಲ್ಲ ಆಕಿ," ಎಂದ. ಹಿಂದೆ ಯಾರೋ ಹೆಂಗಸರು ಮೂಗು ಸೀಟಿಕೊಂಡರು. ದೋಣಿ ಹೊರಟಿತು.

"ಆತವ್ವ," ಎಂದರು ಬಸಲಿಂಗಜ್ಜ. ಒಂದೇ ದಿನದಲ್ಲಿ ಇನ್ನಷ್ಟು ಮುದುಕರಾಗಿದ್ದರು. "ತಡಾ ಆತು, ಆದ್ರ ಆತು. ನಿನಗ ಆದಂಗ ಆಕಿಗೂ ನ್ಯಾಯ ಆತು."

ನಾನು ಆಚೆಯ ದಡವನ್ನು ನೋಡುತ್ತಿದ್ದೆ. ಹುಟ್ಟಿದಾಗಿನಿಂದ ಕಂಡ ದಡ, ಆದರೆ ಅಲ್ಲಿ ಜನರಿದ್ದಾರೆಂದು ಅಂದೇ ಕಂಡ ಹಾಗಾಯಿತು. ಸಂಜೆಯ ಬಿಸಿಲಿನಲ್ಲಿ ಹೆಂಗಸರು ಸೀರೆ ಎತ್ತಿ ಕಟ್ಟಿ, ತೋಳು ಮೇಲೆ ಮಾಡಿ ಬಟ್ಟೆ ಒಗೆಯುತ್ತಿದ್ದರು. ಅವರ ತೋಳುಗಳು ಇಷ್ಟು ದೂರಕ್ಕೂ ಬೆಳ್ಳಗೆ ಹೊಳೆಯುತ್ತಿದ್ದವು. ನನ್ನ ಗಂಡನೂ ಇದೇ ದೋಣಿಯಲ್ಲಿ ಹೋಗಿದ್ದ. ಅವನು ಲೋಕದಿಂದಲೇ ಹೊರಗೆ ಹೋದನೆಂದುಕೊಂಡು ಇಷ್ಟು ವರ್ಷ ರೊಟ್ಟಿ ಬಡಿದೆ, ಉಂಡೆ, ಮಲಗಿದೆ. ಅವನು ಹೋದದ್ದು ಅಲ್ಲಿಗೆ. ನಾವು ಕಳಿಸಿದವರೆಲ್ಲ ಹೋದದ್ದು ಅಲ್ಲಿಗೆ, ಯಾರ ಮೈಯೂ ಏನನ್ನೂ ಉಳಿಸಿಕೊಳ್ಳದ ಕಡೆಗೆ.

ದೋಣಿ ಆಚೆ ಮುಟ್ಟಿತು. ಇಳಿಯುವಾಗ ಬಿಲ್ಲು ಅಡ್ಡವಾಗಿ ಭರಮಣ್ಣ ತಡವರಿಸಿದ. ಒಗೆಯುತ್ತಿದ್ದ ಹುಡುಗಿಯೊಬ್ಬಳು ಎದ್ದು ಬಂದು ಬಿಲ್ಲಿನ ತುದಿ ಹಿಡಿದುಕೊಂಡು ಅವನಿಗೆ ದಡ ಹತ್ತಲು ಅನುವು ಮಾಡಿಕೊಟ್ಟಳು. ಅವನು ಅವಳಿಗೆ ಏನೋ ಹೇಳಿದ. ಅವಳು ನಕ್ಕಳು. ನಾನು ಕೂಗಿದೆ. ಏನೆಂದು ಕೂಗಿದೆನೋ ನನಗೇ ಗೊತ್ತಿಲ್ಲ, ಹುಡುಗಿಯ ಹೆಸರು ನನಗೆ ಗೊತ್ತಿರಲಿಲ್ಲ. ಹೊಳೆ ಅಗಲ, ಗಾಳಿ ಎದುರಿಗಿತ್ತು. ಅವಳು ತಿರುಗಿ ನೋಡಲಿಲ್ಲ. ಮತ್ತೆ ಕೂಗಿದೆ, ಗಂಟಲು ಹರಿಯುವವರೆಗೆ ಕೂಗಿದೆ. ಜನ ಒಬ್ಬೊಬ್ಬರಾಗಿ ಮನೆ ಕಡೆ ತಿರುಗಿದರು. ಬಸಲಿಂಗಜ್ಜ ನನ್ನ ತೋಳು ಹಿಡಿದರು.

"ಬಾರವ್ವ ದ್ಯಾಮವ್ವ," ಎಂದರು. "ಭಾಳ ಹೊತ್ತಾತು ಒಂದ ಕಡೆ ನಿಂತು. ಕಾಲಾಗ ಹೆಪ್ಪ ಗಟ್ಟತೈತಿ, ನಡಿ."